ಲಿಂಕಿನ ಕೊನೆಯ ಗುರುತು

ಜೂನ್ ೧೪, ಭಾನುವಾರ

ಪುಟ್ಟಿಯ ಅಪ್ಪನಿಗೆ,

ನಾನು, ಪುಟ್ಟಿ ಇಬ್ಬರೂ ಆರಾಮಾಗಿದ್ದೇವೆ. ನಮ್ಮ ಹೊಲಿಗೆ ಯಂತ್ರಗಳ ಜಾಲತಾಣ ಸೊರಗುತ್ತಿದೆ, ಮುನಿಸು ಬಿಟ್ಟು ಮತ್ತೆ ಬರೆದುಕೊಡು ಎಂದಿದ್ದೀರಿ. ಬರೆದುಕೊಡುವುದಿಲ್ಲ. ಯಾಕೆಂದು ನಿಮಗೆ ಗೊತ್ತು. ಆದರೂ ನನ್ನ ಬಾಯಿಂದಲೇ ಕೇಳಿ.

ನೀವು ಬೇರೆ ಮನೆ ಮಾಡಿದಾಗ ಆದ ಮಾತು ಸರಳವಾಗಿತ್ತು. ಯಾರು ಬರೆದ ಪುಟ ಓದಿ, ಅದರಲ್ಲಿನ ಲಿಂಕ್ ಒತ್ತಿ ಗಿರಾಕಿ ಆನ್‌ಲೈನ್ ಅಂಗಡಿಯಲ್ಲಿ ಯಂತ್ರ ಕೊಳ್ಳುತ್ತಾರೋ, ಆ ಅಂಗಡಿಯವರು ಕೊಡುವ ಕಮಿಷನ್ ಆ ಪುಟ ಬರೆದವರದು. ಅದು ತಿಳಿಯಲೆಂದೇ ಲಿಂಕಿನ ಕೊನೆಯಲ್ಲಿ ನಿಮಗೊಂದು ಗುರುತು, ನನಗೊಂದು. ಹೊಲಿಗೆ ಬಲ್ಲ ನಾನು ಯಾವ ಯಂತ್ರ ಯಾರಿಗೆ ಒಳ್ಳೆಯದೆಂದು ಬರೆದೆ. ಕಂಪ್ಯೂಟರ್ ಬಲ್ಲ ನೀವು ಲಿಂಕ್ ಜೋಡಿಸಿದಿರಿ.

ನನ್ನ ಪುಟಗಳಿಗೆ ಜನ ಬರುತ್ತಲೇ ಇದ್ದರು, ಮಾರಾಟ ಮಾತ್ರ ಬತ್ತಿಹೋಯಿತು. ಕೇಳಿದರೆ, "ಓದ್ತಾರೆ, ಕೊಳ್ಳಲ್ಲ. ನಿನ್ನ ಬರಹದಲ್ಲಿ ಸೆಳೆತ ಇಲ್ಲ ಕಣೇ" ಎಂದಿರಿ. ನಂಬಿದೆ. ಹೊಲಿಗೆ ಬಿಚ್ಚಿದ ಹಾಗೆ ಸಾಲು ಸಾಲು ಬಿಚ್ಚಿ ಮತ್ತೆ ಬರೆದೆ. ಪುಟ್ಟಿ ಊಟಕ್ಕೆ ಕರೆದರೆ ಅವಳ ಮೇಲೆ ಸಿಡುಕಿದೆ.

ಆಗ ಒಬ್ಬ ನರ್ಸ್ ಬರೆದರು. ಮಂಗಳವಾರ ನನ್ನ ಪುಟದಿಂದಲೇ ಯಂತ್ರ ತರಿಸಿದರಂತೆ, ದಾರ ಸಿಕ್ಕಾಗುತ್ತಿದೆಯಂತೆ. ಬಟ್ಟೆ ಒತ್ತಿ ಹಿಡಿಯುವ ಪಾದ ಎತ್ತಿಕೊಂಡು ದಾರ ಪೋಣಿಸಿ ಎಂದು ಉತ್ತರಿಸಿದೆ. ಆಮೇಲೆ ಆ ಮಂಗಳವಾರದ ವರದಿ ತೆರೆದೆ. ಪುಟಕ್ಕೆ ಬಂದವರಿದ್ದರು, ಲಿಂಕ್ ಒತ್ತಿದವರಿದ್ದರು. ನನ್ನ ಗುರುತಿನ ಎದುರು ಮಾರಾಟ ಸೊನ್ನೆ! ನನ್ನ ಲಿಂಕನ್ನು ನಾನೇ ಒತ್ತಿ ನೋಡಿದೆ. ಕೊನೆಯಲ್ಲಿ ನಿಮ್ಮ ಗುರುತು. ಒಂದರಲ್ಲಲ್ಲ, ನಾನು ಬರೆದ ಎಲ್ಲ ಪುಟಗಳಲ್ಲೂ.

ಫೋನಿನಲ್ಲಿ ತಾಂತ್ರಿಕ ದೋಷ ಎಂದಿರಿ. ದೋಷವೂ ನಿಮ್ಮ ಕಡೆಯ ನೆಂಟನೇ ಎಂದು ಕೇಳಿದ್ದಕ್ಕೆ ಫೋನ್ ಇಟ್ಟಿರಿ. ದುಡ್ಡು ಹೋಗಲಿ. ನನ್ನ ಬರಹದ ಮೇಲೆ ನನಗೇ ಅನುಮಾನ ಹುಟ್ಟಿಸಿದಿರಲ್ಲ, ಅದನ್ನು ಮಾತ್ರ ಕ್ಷಮಿಸಲಾರೆ.

ಅವತ್ತೇ ನಾನು ಬರೆದದ್ದನ್ನೆಲ್ಲ ಅಲ್ಲಿಂದ ತೆಗೆದೆ. ತಡವರಿಸುತ್ತ ನನ್ನದೇ ತಾಣ ಕಟ್ಟಲು ಕಲಿತೆ, ಲಿಂಕ್ ಜೋಡಿಸಲೂ ಕಲಿತೆ. ಮೊದಲ ವಾರ ಬಂದವರಲ್ಲಿ ಅರ್ಧ ನಾನೇ, ಉಳಿದರ್ಧ ಪುಟ್ಟಿ. ಮುಂದೆ ಆ ನರ್ಸ್ ತಮ್ಮ ಗೆಳತಿಯರನ್ನೆಲ್ಲ ಕಳಿಸಿದರು. ನನ್ನ ಗುರುತಿನ ಎದುರು ಮೊದಲ ಮಾರಾಟ ಕಂಡ ಬೆಳಿಗ್ಗೆ ನಾವಿಬ್ಬರೂ ಕುಣಿದ ಸದ್ದಿಗೆ ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟಿದರು.

ನಿಮ್ಮ ತಾಣಕ್ಕೆ ಈಗ ನೀವೇ ಬರೆಯಿರಿ. ಪುಟ್ಟಿಯನ್ನು ನೋಡಲು ಯಾವಾಗ ಬೇಕಾದರೂ ಬನ್ನಿ, ಬೇಡವೆನ್ನುವುದಿಲ್ಲ. ಪಾಸ್‌ವರ್ಡ್ ಮಾತ್ರ ಕೇಳಬೇಡಿ.

ಇಂತಿ,
ಪುಟ್ಟಿಯ ಅಮ್ಮ

ಮರೆತ ಮಾತು: ಮೊನ್ನೆ ನಿಮ್ಮ ಅಮ್ಮ ಹೊಸ ಯಂತ್ರ ಕೊಂಡರು. ನಿಮಗಿನ್ನೂ ಹೇಳಿಲ್ಲವಂತೆ. ಕೊಳ್ಳುವ ಮುಂಚೆ ನನಗೆ ಫೋನ್ ಮಾಡಿ, "ಇದು ನಿನ್ನ ಲಿಂಕೇ ತಾನೇ? ಅವನದಲ್ಲವಲ್ಲ? ಸರಿಯಾಗಿ ನೋಡಿ ಹೇಳಮ್ಮಾ" ಎಂದು ಕೇಳಿ, ಖಚಿತ ಮಾಡಿಕೊಂಡ ಮೇಲೆಯೇ ಒತ್ತಿದರು.