ಉತ್ತರದ ತುದಿಗೆ ಇಬ್ಬರು

ಗೊಜಿನ್ ಬಂದರು,
೯ ಜೂನ್ ೨೦೧೮, ಶನಿವಾರ

ನಾರೆಯ ಅಪ್ಪನಿಗೆ,

ಗುರುವಾರ ಬೆಳಿಗ್ಗೆ ಹತ್ತೂವರೆಗೆ, ನೀವೀಗ ಇರುವ ಗಾಂಗ್‌ನುಂಗ್‌ನ ನ್ಯಾಯಾಲಯದ ಮೊಗಸಾಲೆಯಲ್ಲಿ ನೀವು ಇಸ್ತ್ರಿ ಮಾಡಿದ ಅಂಗಿ ತೊಟ್ಟು ನನಗಾಗಿ ಕಾದಿದ್ದೀರಿ. ನಿಮ್ಮ ಏಳು ಕರೆಗಳನ್ನು ಆಮೇಲೆ ನೋಡಿದೆ. ನಾನು ಬರಲಿಲ್ಲ. ಬೇಕೆಂದೇ ಸತಾಯಿಸಿದೆ ಎಂದು ನೀವು ತಿಳಿದಿರಬಹುದು. ವಿಚ್ಛೇದನಕ್ಕೆ ಒಪ್ಪಿದವಳೇ ನಾನು, ಅರ್ಜಿ ತುಂಬಿದವಳೂ ನಾನು. ಹಾಗಿದ್ದೂ ಯಾಕೆ ಬರಲಿಲ್ಲ ಎಂಬುದನ್ನು ಫೋನಿನಲ್ಲಿ ಹೇಳಿದರೆ ನೀವು ಅರ್ಧದಲ್ಲೇ ಇಡುತ್ತೀರಿ. ಅದಕ್ಕೆ ಬರೆಯುತ್ತಿದ್ದೇನೆ. ದಯವಿಟ್ಟು ಕೊನೆಯವರೆಗೆ ಓದಿ.

ನಾನು ಹೊರಟದ್ದು ಬಸ್ಸಿನಲ್ಲಲ್ಲ. ಅಂಗಡಿಯ ಕಿಮ್ಚಿ ಉಪ್ಪಿನಕಾಯಿಯ ಡಬ್ಬಗಳನ್ನು ಮನೆಮನೆಗೆ ಮುಟ್ಟಿಸಲೆಂದು ಏಪ್ರಿಲ್‌ನಲ್ಲಿ ಒಂದು ಹಳೆಯ ಕಾರು ಕೊಂಡಿದ್ದೆ. ಬಿಳಿ ಬಣ್ಣದ್ದು, ಬಲಬದಿಗೆ ಒಂದು ಗೀರು. ಇಪ್ಪತ್ತಾರು ವರ್ಷ ಸಂಸಾರ ಮಾಡಿ ನಾವು ಒಮ್ಮೆಯೂ ಕಡಲ ದಂಡೆಯ ಏಳನೇ ನಂಬರಿನ ರಸ್ತೆಯಲ್ಲಿ ಉತ್ತರದ ಕೊನೆಯವರೆಗೆ ಹೋಗಿರಲಿಲ್ಲವಲ್ಲ, ಸಂಸಾರ ಮುಗಿಸುವುದಕ್ಕಾದರೂ ಆ ದಾರಿಯಲ್ಲೇ ಹೋಗೋಣ, ಸಮುದ್ರ ನೋಡುತ್ತಾ ಎರಡು ದಿನ ನಿಧಾನವಾಗಿ ಹೋಗೋಣ ಅನ್ನಿಸಿತು. ಮಂಗಳವಾರ ಬೆಳಿಗ್ಗೆ ಅಂಗಡಿಯ ಬಾಗಿಲೆಳೆದು ಬುಸಾನ್ ಬಿಟ್ಟೆ. ಬಲಗಡೆ ಸಮುದ್ರ ಇದ್ದೇ ಇತ್ತು, ಆದರೆ ಕಾಣಿಸಲಿಲ್ಲ. ಈ ಸಲ ಮಂಜು ಬೇಗ ಬಂದಿದೆ. ಅಲೆಯ ಸದ್ದು ಮಾತ್ರ ಕಿಟಕಿಯ ಪಕ್ಕದಲ್ಲೇ ಓಡಿಬರುತ್ತಿತ್ತು.

ಮೊದಲು ನಿಲ್ಲಿಸಿದ್ದು ಗ್ಯೊಂಗ್ಜು ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ ಬೊಂಗ್ಗಿಲ್ ಕಡಲತೀರದಲ್ಲಿ. ನೀರೊಳಗಿನ ಬಂಡೆಗಳಲ್ಲಿ ರಾಜನ ಸಮಾಧಿ ಇದೆ ಎನ್ನುತ್ತಾರಲ್ಲ, ಅಲ್ಲಿ. ವಾರದ ನಡುವಿನ ದಿನವಾದರೂ ಪೂಜೆಯವರು ಮೂರು ಕಡೆ ಡೋಲು ಬಡಿಯುತ್ತಿದ್ದರು. ಒಣಗಿಸಿದ ಬೊಂಡಾಸ್ ಮೀನು ಮಾರುವ ಹೆಂಗಸಿನ ಹತ್ತಿರ ಎರಡು ಕೊಂಡು ಕಾರಿನ ಕಡೆಗೆ ತಿರುಗಿದೆ. ಆಕೆ ಹಿಂದಿನಿಂದ ಕೂಗಿ ಹೇಳಿದಳು:

"ಅಕ್ಕಾ, ಹಿಂದೆ ಕೂತಿರೋ ಅಜ್ಜಿಗೆ ಚಳಿ ಆಗ್ತಿದೆ. ಕಿಟಕಿ ಏರಿಸಿ."

ಬೇರೆ ಯಾರ ಕಾರನ್ನೋ ನೋಡಿ ಹೇಳಿದಳು ಎಂದುಕೊಂಡೆ. ಆದರೂ ಒಳಗೆ ಕೂತ ಮೇಲೆ ಕೈ ತಾನಾಗಿಯೇ ಹೋಗಿ ಹಿಂದಿನ ಕಿಟಕಿಯನ್ನು ಏರಿಸಿತು.

ಮಧ್ಯಾಹ್ನ ಪೊಹಾಂಗ್ ಪೇಟೆಯಲ್ಲಿ ಪೆಟ್ರೋಲ್ ಹಾಕಿಸಿದೆ. ಬಂಕಿನ ಮುದುಕ ಹಣ ತೆಗೆದುಕೊಂಡು, ಹಿಂದಿನ ಗಾಜಿನ ಕಡೆ ಬಗ್ಗಿ ನಮಸ್ಕಾರ ಮಾಡಿ, ದೊಡ್ಡವರನ್ನು ಕೂರಿಸಿಕೊಂಡು ಹೋಗುವಾಗ ತಿರುವುಗಳಲ್ಲಿ ನಿಧಾನ ಎಂದು ನನಗೆ ಬುದ್ಧಿ ಹೇಳಿದ. ಯಾವ ದೊಡ್ಡವರು ಎಂದು ಕೇಳಬೇಕಿತ್ತು. ಕೇಳಲಿಲ್ಲ. ಕೇಳಿದರೆ ಆತ ಉತ್ತರ ಕೊಡುತ್ತಾನೆ ಎಂಬ ಭಯ. ಅಲ್ಲಿಂದ ಮುಂದೆ ಕನ್ನಡಿಯನ್ನು ಮೇಲಕ್ಕೆ ತಿರುಗಿಸಿಟ್ಟು, ಹಿಂದೆ ನೋಡದೆ ಓಡಿಸಿದೆ.

ಸಂಜೆ ಉಲ್ಜಿನ್‌ನ ಕಡಲ ದಂಡೆಯ ಒಂದು ಸಣ್ಣ ವಸತಿಯಲ್ಲಿ ಕೋಣೆ ಹಿಡಿದೆ. ಅದನ್ನು ನಡೆಸುವವಳು ನನ್ನ ವಯಸ್ಸಿನವಳೇ, ಬಾಯಿತುಂಬ ಮಾತು. ಊಟ ಮುಗಿಸಿ ಬರುವಷ್ಟರಲ್ಲಿ ನೆಲದ ಮೇಲೆ ಎರಡು ಹಾಸಿಗೆ ಹಾಸಿದ್ದಳು. ಒಂದಕ್ಕೆ ಮಾಮೂಲಿ ದಿಂಬು. ಇನ್ನೊಂದಕ್ಕೆ ಹುರುಳಿಹೊಟ್ಟು ತುಂಬಿದ ತೆಳ್ಳನೆಯದು. ನಾನೊಬ್ಬಳೇ ಇರುವುದು ಎಂದು ಹೇಳಿದೆ. ಅವಳು ನಕ್ಕು, ಅತ್ತೆ ಜೊತೆ ಜಗಳ ಆಡಿಕೊಂಡು ಬಂದಿದ್ದೀರಾ ಎಂದು ಚುಡಾಯಿಸಿ ಹೋದಳು. ಅತ್ತೆ ಎಂಬ ಮಾತನ್ನು ಮೊದಲು ಆಡಿದವಳು ಅವಳೇ, ನಾನಲ್ಲ.

ಆ ಹಾಸಿಗೆಗೆ ಬೆನ್ನು ಹಾಕಿ ಮಲಗಿದೆ. ಆಶ್ಚರ್ಯವೆಂದರೆ ನಿದ್ದೆ ಬಂತು. ಬೆಳಿಗ್ಗೆ ಎದ್ದು ಮುಖ ತೊಳೆದು ಬಂದಾಗ ಎರಡು ಹೊದಿಕೆಗಳೂ ಮಡಿಸಿ ಗೋಡೆಗೆ ತಾಗಿಸಿಟ್ಟಿದ್ದವು. ನಾನು ಮಡಿಸಿದ್ದು ಒಂದನ್ನೇ. ಇನ್ನೊಂದನ್ನು ಮೂರು ಮಡಿಕೆ ಮಾಡಿ ಅಂಚನ್ನು ಒಳಕ್ಕೆ ಸೇರಿಸಲಾಗಿತ್ತು. ಹಾಗೆ ಮಡಿಸುತ್ತಿದ್ದವರು ಯಾರು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಆದರೂ ಮನಸ್ಸು ಒಂದು ನೆಪ ಹುಡುಕುತ್ತಿತ್ತು. ಕಾರು ಹಳೆಯದು, ಹಿಂದಿನ ಮಾಲೀಕನ ಮನೆಯಲ್ಲಿ ಯಾರೋ ಮುದುಕಿ ತೀರಿಹೋಗಿರಬೇಕು, ಆಕೆ ತನ್ನ ಜಾಗ ಬಿಟ್ಟಿಲ್ಲ, ನನಗೂ ಆಕೆಗೂ ಸಂಬಂಧವಿಲ್ಲ ಎಂದುಕೊಂಡರೆ ಎಷ್ಟೋ ಸಮಾಧಾನ. ಮಾಂಗ್‌ಸಾಂಗ್ ಕಡಲತೀರ ತಲುಪುವಾಗ ಹತ್ತು ಗಂಟೆ. ಬುಧವಾರ ಆರನೇ ತಾರೀಖಲ್ಲವೇ, ಸತ್ತ ಸೈನಿಕರ ಸ್ಮರಣೆಯ ಸೈರನ್ ಕೂಗಿತು. ಮರಳ ಮೇಲೆ ಓಡಾಡುತ್ತಿದ್ದವರೆಲ್ಲ ಇದ್ದಲ್ಲೇ ನಿಂತರು. ಆ ಒಂದು ನಿಮಿಷ ಇಡೀ ದಡದಲ್ಲಿ ಅಲುಗಿದ್ದು ನನ್ನ ಕಾರೊಂದೇ. ಎಂಜಿನ್ ಆರಿಸಿ ಆಚೆ ನಿಂತಿದ್ದೆ. ಒಳಗೆ ಯಾರೋ ಕೂತಲ್ಲೇ ಮಗ್ಗುಲು ಬದಲಿಸಿದ ಹಾಗೆ ಅದು ಒಂದು ಸಲ ತೂಗಿತು.

ಸೈರನ್ ನಿಂತ ಮೇಲೆ ಕಾಗದಪತ್ರಗಳಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಹಿಂದಿನ ಮಾಲೀಕ ಗಾಳ ಹಾಕುವವರಿಗೆ ಎರೆಹುಳ ಮಾರುವವನು. ನಿಮ್ಮ ಮನೆಯಲ್ಲಿ ಹಿರಿಯರು ಯಾರಾದರೂ ಈ ಕಾರಿನ ಹಿಂದಿನ ಸೀಟಿನಲ್ಲಿ ಓಡಾಡುತ್ತಿದ್ದರಾ ಎಂದು ಕೇಳಿದೆ. ಅವನು ಹೇಳಿದ್ದು ಇಷ್ಟು.

"ಆ ಗಾಡೀಲಿ ಹಿಂದಿನ ಸೀಟೇ ಇರ್ಲಿಲ್ಲಮ್ಮ. ಹುಳದ ಡಬ್ಬ ಇಡೋಕೆ ಅಂತ ತಗೊಂಡ ದಿನಾನೇ ಕಿತ್ತುಸ್ಬಿಟ್ಟಿದ್ದೆ. ನಿಮಗೆ ಮಾರೋ ಹಿಂದಿನ ದಿನ ವಾಪಸ್ ಕೂರಿಸ್ದೆ. ಅದರ ಮೇಲೆ ಇಲ್ಲೀತನಕ ಒಬ್ರೂ ಕೂತಿಲ್ಲ."

ಸಮುದ್ರದಿಂದಲೇ ಇದೆಲ್ಲ ಆಗುತ್ತಿದೆ ಎಂಬ ಹುಚ್ಚು ಯೋಚನೆ ಬಂದು, ಗಾಂಗ್‌ನುಂಗ್ ದಾಟಿದ ಮೇಲೆ ದಡ ಬಿಟ್ಟು ಒಳನಾಡಿಗೆ ತಿರುಗಿಸಿದೆ. ಓದೆಸಾನ್ ರಾಷ್ಟ್ರೀಯ ಉದ್ಯಾನದ ಕಣಿವೆ. ಅಲ್ಲಿ ಮಂಜಿರಲಿಲ್ಲ, ಬಿಸಿಲಿತ್ತು, ಹೊಳೆಯ ನೀರು ತಿಳಿಯಾಗಿತ್ತು. ರಜೆಯ ಜನ ಮಕ್ಕಳುಮರಿ ಕಟ್ಟಿಕೊಂಡು ಬೆಟ್ಟ ಹತ್ತುತ್ತಿದ್ದರು. ಇಲ್ಲಿ ಏನೂ ಬರುವುದಿಲ್ಲ ಎಂದು ಧೈರ್ಯ ಮಾಡಿ ಕಾರಿಗೆ ಬೀಗ ಹಾಕಿ ನಾಲ್ಕು ಹೆಜ್ಜೆ ಇಟ್ಟಿದ್ದೆನಷ್ಟೆ. ಉದ್ಯಾನದ ಕಾವಲಿನವಳು, ಸಮವಸ್ತ್ರ ತೊಟ್ಟ ಹೆಂಗಸು, ಹತ್ತಿರ ಬಂದು ಮೆಲ್ಲಗೆ ಗದರಿಸಿದಳು. ಬಿಸಿಲಲ್ಲಿ ವಯಸ್ಸಾದವರನ್ನು ಕಾರೊಳಗೆ ಬಿಟ್ಟು ಹೋಗುತ್ತಾರಾ, ಏನಾದರೂ ಆದರೆ ಎಂದಳು.

ನಾನು ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತೆ. ಆಕೆ ಗಾಬರಿಯಾಗಿ ನೀರು ತಂದುಕೊಟ್ಟಳು. ಆಮೇಲೆ ಕಾರಿಗೆ ಹೋಗಿ, ಎಲ್ಲ ಕಿಟಕಿ ಇಳಿಸಿ, ಮುಂದಿನ ಸೀಟಿನಲ್ಲಿ ಕೂತು, ಹಿಂದಕ್ಕೆ ತಿರುಗದೆ ಮಾತಾಡಿದೆ. ಅಲ್ಲಿ ಹೇಳಿದ್ದನ್ನು ನಿಮಗೂ ಹೇಳಬೇಕು. ಹೇಳಿ ಎರಡು ವರ್ಷವಾಗಬೇಕಿತ್ತು.

ಅತ್ತೆ ತೀರಿಹೋದ ಆ ಶನಿವಾರ ಮಧ್ಯಾಹ್ನ ನಾನು ಅಡುಗೆಕೋಣೆಯಲ್ಲಿ ಅಡ್ಡಾಗಿದ್ದೆ. ಅವರು ಕರೆದರು. "ಮಗೂ" ಎಂದು. ನಾನು ಆರೈಕೆ ಮಾಡಿದ ಒಂಬತ್ತು ವರ್ಷವೂ ನನ್ನನ್ನು ಅವರು ಹೆಸರು ಹಿಡಿದು ಕರೆದಿಲ್ಲ, ಮಗೂ ಎಂದೇ. ಎರಡನೇ ಸಲ ಕರೆದರು. ಮೂರನೇ ಸಲವೂ ಕರೆದರು. ನನಗೆ ಕೇಳಿಸಿತು. ಬೆಳಗಿನಿಂದ ನಾಲ್ಕು ಸಲ ಎತ್ತಿ ಕೂರಿಸಿ, ಎರಡು ಸಲ ಬಟ್ಟೆ ಬದಲಿಸಿದ್ದೆ. ಐದೇ ಐದು ನಿಮಿಷ ಎಂದುಕೊಂಡು ದಿಂಬನ್ನು ಕಿವಿಗೆ ಒತ್ತಿಕೊಂಡೆ. ಮತ್ತೆ ಸದ್ದು ಬರಲಿಲ್ಲ. ಮಲಗಿದ್ದಾರೆ ಎಂದುಕೊಂಡು ಮಾರುಕಟ್ಟೆಗೆ ಹೋದೆ. ಐದು ಗಂಟೆಗೆ ಬಂದು ನೋಡಿದರೆ ಹೋಗಿಬಿಟ್ಟಿದ್ದರು.

ಶವದ ಮುಂದೆ ನಿಮ್ಮ ಅಣ್ಣಂದಿರು, ಅತ್ತಿಗೆಯರು, ನಾರೆ ಎಲ್ಲರೂ ಇರುವಾಗ, ಪಕ್ಕದಲ್ಲಿ ಒಬ್ಬರಿದ್ದಿದ್ದರೂ ಅಮ್ಮ ಉಳಿಯುತ್ತಿದ್ದಳು ಎಂದಿರಿ. ನಾನು ಮಾರುಕಟ್ಟೆಗೆ ಹೋಗಿದ್ದೆ, ಗೊತ್ತಾಗಲಿಲ್ಲ ಎಂದೆ. ಅದು ಸುಳ್ಳು. ಅವತ್ತಿನಿಂದ ನಾರೆ ನನ್ನ ಫೋನ್ ಎತ್ತಿಲ್ಲ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅಜ್ಜಿಯ ಮಡಿಲಲ್ಲಿ ಬೆಳೆದವಳು.

ಆ ರಾತ್ರಿ ಜುಮುನ್‌ಜಿನ್‌ನಲ್ಲಿ ಉಳಿದು, ಗುರುವಾರ ಬೆಳಿಗ್ಗೆ ಹೊಸ ಬಟ್ಟೆ ತೊಟ್ಟು, ಕಾಗದಪತ್ರ ಜೋಡಿಸಿಕೊಂಡು ಒಂಬತ್ತೂವರೆಗೆ ಹೊರಟೆ. ಬಂದರಿನಿಂದ ಮುಖ್ಯರಸ್ತೆಗೆ ಬಂದರೆ ಎಡಕ್ಕೆ ಗಾಂಗ್‌ನುಂಗ್, ಬಲಕ್ಕೆ ಉತ್ತರದ ದಾರಿ. ಎಡಕ್ಕೆ ದೀಪ ಹಾಕಿ ಸಿಗ್ನಲಿಗೆ ಕಾಯುತ್ತಿದ್ದೆ. ಅಷ್ಟು ದಿನ ಬೇರೆಯವರಿಗೆ ಕಂಡದ್ದು ನನಗೆ ಕಂಡಿರಲಿಲ್ಲ, ಕೇಳಿರಲೂ ಇಲ್ಲ. ಆಗ ಕೇಳಿತು.

"ಮಗೂ."

ಒಂದೇ ಸಲ. ಬೇಡುವ ದನಿಯಲ್ಲ, ಸಿಟ್ಟೂ ಅಲ್ಲ. ಬೆಳಿಗ್ಗೆ ಎದ್ದು ಗಂಟೆ ಎಷ್ಟಾಯಿತು ಎಂದು ಕೇಳುವಾಗಿನ ದನಿ. ನನ್ನ ಕತ್ತಿನ ಹಿಂದೆಯೇ.

ಅತ್ತೆ ಹನ್ನೊಂದನೇ ವಯಸ್ಸಿನಲ್ಲಿ ದೇಶ ಎರಡಾದ ಯುದ್ಧದ ಚಳಿಗಾಲದಲ್ಲಿ, ಈಗ ಯಾರೂ ದಾಟಲಾಗದ ಗಡಿಯ ಆಚೆಯ ಕಡಲೂರಿನಿಂದ ನಡೆದುಬಂದವರು. ಉತ್ತರದ ತುದಿಯ ಗುಡ್ಡದ ಮೇಲೆ ನಿಂತರೆ ಆ ಊರಿನ ಮರಳು ಕಾಣುತ್ತದಂತೆ, ಒಮ್ಮೆ ಕರೆದುಕೊಂಡು ಹೋಗಿ ಎಂದು ಪ್ರತಿ ವರ್ಷ ಕೇಳುತ್ತಿದ್ದರು. ಮುಂದಿನ ವಸಂತಕ್ಕೆ ಎಂದು ನೀವೂ ಹೇಳುತ್ತಿದ್ದಿರಿ, ನಾನೂ ಹೇಳುತ್ತಿದ್ದೆ. ಒಂಬತ್ತು ವಸಂತ ಹೀಗೇ ಕಳೆದವು.

ಎಡದ ದೀಪ ಮಿನುಗುತ್ತಿದ್ದ ಹಾಗೆಯೇ ನಾನು ಬಲಕ್ಕೆ ತಿರುಗಿಸಿದೆ. ಹಿಂದಿನ ಲಾರಿಯವನು ಹಾರನ್ ಬಡಿದು ಬೈದ. ನೀವು ನ್ಯಾಯಾಲಯದಲ್ಲಿ ಗಡಿಯಾರ ನೋಡುತ್ತಿದ್ದ ಹೊತ್ತಿಗೆ ನಾವು ಸೊಕ್ಚೊ ದಾಟುತ್ತಿದ್ದೆವು. ಮಂಜಿನ ಮೇಲೆ ಸೊರಾಕ್ ಬೆಟ್ಟದ ತಲೆಗಳಷ್ಟೇ ಕಾಣುತ್ತಿದ್ದವು. ನಾವು ಎಂದೇ ಬರೆದೆ ನೋಡಿ. ಆಗಲೇ ಭಯ ಹೋಗಿತ್ತು ಎಂದಲ್ಲ. ಕನ್ನಡಿಯನ್ನು ಇನ್ನೂ ಕೆಳಗಿಳಿಸಿರಲಿಲ್ಲ. ಆದರೂ ತಿರುವುಗಳಲ್ಲಿ ನಿಧಾನಿಸುತ್ತಿದ್ದೆ.

ಕೊನೆಯ ಊರಿನಲ್ಲಿ ಗಡಿಪ್ರದೇಶಕ್ಕೆ ಹೋಗುವ ಅರ್ಜಿ ತುಂಬಬೇಕು. ವಾಹನದಲ್ಲಿ ಎಷ್ಟು ಜನ ಎಂಬ ಕಡೆ ಒಬ್ಬರು ಎಂದು ಬರೆದಿದ್ದೆ. ಸೈನ್ಯದ ತಪಾಸಣೆ ಗೇಟಿನಲ್ಲಿ ಕೂದಲು ನರೆಯಲು ಶುರುವಾಗಿದ್ದ ಹವಾಲ್ದಾರನೊಬ್ಬ ಕಾಗದ ನೋಡಿ, ಒಳಗೆ ಇಣುಕಿ, ಕಾಗದವನ್ನು ನನಗೇ ವಾಪಸ್ ಚಾಚಿದ. "ಇಬ್ರಿದ್ದೀರಲ್ಲ. ಸರಿಯಾಗಿ ಬರೀರಿ. ಅಮ್ಮನ ಹೆಸರೂ ಬೇಕು."

ಬರೆದೆ. ಮೋಕ್ ಬುನ್ನ್ಯೊ. ಅವರ ಹೆಸರನ್ನು ನನ್ನ ಕೈಯಿಂದ ಬರೆದದ್ದು ಮರಣದ ನೋಂದಣಿಯಲ್ಲಿ ಒಮ್ಮೆ, ಇಲ್ಲಿ ಒಮ್ಮೆ.

ಗುಡ್ಡದ ಮೇಲೆ ಗಾಳಿ ಮಂಜನ್ನು ಹರಿದುಹಾಕಿತ್ತು. ಕೆಳಗೆ ತಂತಿಬೇಲಿ ನೀರಿನವರೆಗೆ ಇಳಿದು ನಿಂತಿತ್ತು. ಅದರಾಚೆ ಬಿಳಿಯ ಮರಳು, ಕರಿಯ ಬಂಡೆಗಳು, ಒಂದೂ ಹೆಜ್ಜೆಗುರುತಿಲ್ಲದ ದಡ. ನಾನು ಇಳಿದು ಹಿಂದಿನ ಬಾಗಿಲು ತೆಗೆದೆ. ಬಂತು ಅತ್ತೆ, ಇಲ್ಲೇ ಎಂದೆ. ಸ್ವಲ್ಪ ಹೊತ್ತಿಗೆ ಕಾರಿನ ಹಿಂಭಾಗ ಎರಡು ಬೆರಳಿನಷ್ಟು ಮೇಲೆದ್ದಿತು, ಭಾರದವರು ಇಳಿದಾಗ ಏಳುತ್ತದಲ್ಲ, ಹಾಗೆ. ಮಂಡಿನೋವಿನ ಮುದುಕಿಯೊಬ್ಬಳು ಅಲ್ಲಿಂದ ಕಟಾಂಜನದವರೆಗೆ ನಡೆಯಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಬಾಗಿಲು ಹಿಡಿದುಕೊಂಡೇ ನಿಂತಿದ್ದೆ. ಆಮೇಲೆ ಮುಚ್ಚಿದೆ.

ವಾಪಸ್ ಬರುವಾಗ ಅದೇ ಗೇಟು, ಅದೇ ಹವಾಲ್ದಾರ. ಒಳಹೋದವರು ಇಬ್ಬರು, ಹೊರಬಂದವಳು ಒಬ್ಬಳು. ಕಾಗದವನ್ನು ಕಿಟಕಿಯಿಂದ ಚಾಚಿದೆ. ಅವನು ಹಿಂದಿನ ಸೀಟು ನೋಡಿದ, ಕಾಗದ ನೋಡಿದ, ಮತ್ತೆ ಸೀಟು ನೋಡಿದ. ಕೊನೆಗೆ ತನ್ನ ಪೆನ್ನು ತೆಗೆದು ಅತ್ತೆಯ ಹೆಸರಿನ ಮೇಲೆ ನಿಧಾನವಾಗಿ ಒಂದು ಗೆರೆ ಎಳೆದು, ಇಬ್ಬರನ್ನು ಒಬ್ಬರು ಮಾಡಿ, ತಡೆಗಂಬ ಎತ್ತಿಸಿದ. "ನಮ್ಮಜ್ಜೀನೂ ಆ ಕಡೆಯವ್ರೇ" ಎಂದಷ್ಟೇ ಹೇಳಿದ.

ಎರಡು ದಿನದಿಂದ ಈ ಬಂದರಿನಲ್ಲಿದ್ದೇನೆ. ಹೋಟೆಲಿನವಳು ನನ್ನ ಮುಂದೆ ಒಂದೇ ಬಟ್ಟಲು ಇಡುತ್ತಾಳೆ. ಕೋಣೆಯಲ್ಲಿ ಒಂದೇ ಹಾಸಿಗೆ. ಅದೇ ಈಗ ಹೆಚ್ಚು ಹೆದರಿಕೆ ಹುಟ್ಟಿಸುತ್ತದೆ ಎಂದರೆ ನಗಬೇಡಿ.

ನ್ಯಾಯಾಲಯ ಎರಡನೇ ದಿನಾಂಕ ಕೊಟ್ಟಿದೆಯಲ್ಲ, ಇಪ್ಪತ್ತೊಂದು. ಅವತ್ತು ಖಂಡಿತ ಬರುತ್ತೇನೆ, ಕೇಳಿದ್ದಕ್ಕೆ ಹೌದು ಎನ್ನುತ್ತೇನೆ. ಅತ್ತೆಯ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ಬರೆದಿದ್ದೇನೆ. ಇದನ್ನು ನಿಮ್ಮ ಅಣ್ಣಂದಿರಿಗೆ ತೋರಿಸಬೇಕೆನ್ನಿಸಿದರೆ ತೋರಿಸಿ. ಮಂಜಿನ ದಿನಗಳಲ್ಲಿ ನಿಮಗೆ ಕೆಮ್ಮು ಬರುತ್ತದೆ, ಎದೆ ಮುಚ್ಚಿಕೊಂಡು ಓಡಾಡಿ.

ಇನ್ನು ಹನ್ನೆರಡು ದಿನ ಮಾತ್ರ ನಿಮ್ಮ ಹೆಂಡತಿಯಾದ,
ತಾಕ್ ಸೊನೊಕ್

ಮರೆತು ಬಿಟ್ಟದ್ದಲ್ಲ, ಬೇಕೆಂದೇ ಮೇಲೆ ಬರೆಯದ ಒಂದು ಮಾತು: ಉಲ್ಜಿನ್‌ನ ವಸತಿಯವಳು ಬೆಳಿಗ್ಗೆ ಕಾರಿನವರೆಗೆ ಬಂದು ಕೇಳಿದಳು. "ನಿಮ್ಮ ಜೊತೆ ಗಂಡಸ್ರೂ ಬಂದಿದಾರಾ? ಅಜ್ಜಿ ಆಗ್ಲೇ ಹೇಳಿದ್ರು, ಮಗ ಆ ಕಡೆ ಕೋಣೇಲಿ ಮಲಗಿದಾನೆ, ದಣಿದಿದಾನೆ, ಯಾರೂ ಎಬ್ಬಿಸ್ಬೇಡಿ ಅಂತ." ಅತ್ತೆ ತೀರಿಹೋದ ಆ ಶನಿವಾರ ನೀವು ದೇಗುವಿನಲ್ಲಿ ಸ್ನೇಹಿತನ ಮಗನ ಮದುವೆಗೆ ಹೋಗಿದ್ದೆ ಎಂದು ಎಲ್ಲರಿಗೂ ಹೇಳಿದಿರಿ. ಮಾರುಕಟ್ಟೆಗೆ ಹೊರಟಾಗ ಹೊಸ್ತಿಲ ಬಳಿ ನಿಮ್ಮ ಕಂದು ಬೂಟುಗಳಿದ್ದವು. ನಿಮ್ಮ ಕೋಣೆಯಲ್ಲಿ ಬೇಸ್‌ಬಾಲ್ ಆಟದ ವಿವರಣೆ ಸಣ್ಣಗೆ ಕೇಳುತ್ತಿತ್ತು. ಐದು ಗಂಟೆಗೆ ಬಂದಾಗ ಬೂಟುಗಳಿರಲಿಲ್ಲ. ಎರಡು ವರ್ಷ ಯಾರಿಗೂ ಹೇಳಿಲ್ಲ, ನ್ಯಾಯಾಧೀಶರಿಗೂ ಹೇಳುವುದಿಲ್ಲ. ನಾರೆಗೆ ನೀವೇ ಹೇಳಿ.