ಧೋತರದ ಕೆಂಪು

ಅಂಬವ್ವನ ಅಪ್ಪಗ,

ರೊಟ್ಟಿ ಬುಟ್ಟ್ಯಾಗ ಐತಿ, ಝುಣಕ ಒಲಿ ಮ್ಯಾಲೆ. ಹೊಸ ಧೋತರ ಹುಡುಕಬ್ಯಾಡ್ರಿ, ನಾವು ತಗೊಂಡು ಹೋಗೇವಿ.

ಕನ್ನಡ ನಾಡು ಒಂದಾತಂತ ಇವತ್ತು ಬೆಟಗೇರಿ ಶಾಲ್ಯಾಗ ಮಕ್ಕಳು ವಿಜ್ಞಾನದ ಪ್ರಯೋಗ ತೋರಸ್ತಾರ. ತಾಯಿ-ತಂದಿನೂ ಕೈ ಹಚ್ಚಬೇಕಂತ. ನಿಮ್ಮ ಮಗಳು ಅರಿಷಿಣ ಹಚ್ಚಿದ ಅರಿವಿಗೆ ಸಬಕಾರ ತಿಕ್ಕತಾಳ, ಅದು ಕೆಂಪಾಗತೈತಿ. ನಿಂಬಿಹಣ್ಣು ಹಿಂಡಿದರ ತಿರುಗಿ ಹಳದಿ. ನಿನ್ನೆ ನಾನೂ ಮಾಡಿ ನೋಡಿದೆ.

ಈಗರ ತಿಳೀತೇನ್ರಿ? ಮೊನ್ನೆ ಚಿತ್ರಾನ್ನದ ಕೈ ಆ ಹೊಸ ಧೋತರಕ್ಕ ಒರಸಿದವರು ನೀವು. ನನಗ ಗೊತ್ತಾಗಬಾರದಂತ ಕದ್ದು ಸಬಕಾರ ತಿಕ್ಕಿದವರೂ ನೀವ. ಅರಿಷಿಣದ ಕಲಿ ಕೆಂಪಾದ ಕೂಡಲೆ, "ಇಪ್ಪತ್ತು ವರ್ಷ ನೂಲಿಗೆ ಬಣ್ಣ ಹಾಕೇನಿ, ಬಣ್ಣದ ಗಡಿಗ್ಯಾನ ಕೆಂಪು ನನಗ ಗೊತ್ತಾಗೂದಿಲ್ಲೇನು? ಬಣ್ಣದ ಕೈ ನೀನ ಹಚ್ಚೀದಿ" ಅಂತ ಅಂಬವ್ವನ ಕಪಾಳಕ್ಕ ಹೊಡದ್ರಿ. ಏನು ಪಂಡಿತರೋ!

ಉಂಡು, ಗೂಡಿನಾಗಿನ ಎರಡು ನಿಂಬಿಹಣ್ಣು ತಗೊಂಡು ಜಲ್ದಿ ಬರ್ರಿ. ಎಲ್ಲಾರ ಮುಂದ ನೀವ ಹಿಂಡಬೇಕು. ಧೋತರದ ಕೆಂಪು ಅದಕ್ಕ ಹೋಗತೈತಿ. ಅಂಬವ್ವನ ಗಲ್ಲದ ಕೆಂಪು ಹೋಗಾಕ ಏನು ಹಿಂಡಬೇಕು ಅನ್ನೂದನ್ನ ದಾರ್ಯಾಗ ವಿಚಾರ ಮಾಡಕೋಂತ ಬರ್ರಿ.