ಆಂಜಿನಮ್ಮನ ಹುಳು ಮನೆ

ದೇವರಾಯಸಮುದ್ರ
೧೬ ಜೂನ್ ೨೦೨೪

ಮುನಿಕೃಷ್ಣ ಅವರಿಗೆ ಗಂಗರತ್ನಳ ನಮಸ್ಕಾರ. ಬೇರೆ ಮನೆ ಮಾಡಿದ ಮೇಲೂ ಗಂಡನಿಗೆ ನಮಸ್ಕಾರ ಬರೆಯದೆ ಕೈ ಮುಂದೆ ಹೋಗುವುದಿಲ್ಲ.

ಕಳೆದ ತಿಂಗಳು ಹನ್ನೆರಡನೇ ತಾರೀಕು ನಿಮ್ಮ ಕೀಟನಾಶಕ ಕಂಪನಿಯವರು ಇಲ್ಲಿನ ಮಾವಿನ ತೋಪಿಗೆ ಹೊಡೆದ ಔಷಧಿ, ಗಾಳಿಗೆ ಪಕ್ಕದಲ್ಲೇ ಇರುವ ನಮ್ಮ ನೆರೆಮನೆ ಆಂಜಿನಮ್ಮನ ಹಿಪ್ಪುನೇರಳೆ ಮೇಲೆ ಬಿತ್ತು. ಆ ಸೊಪ್ಪು ತಿಂದ ರೇಷ್ಮೆ ಹುಳುಗಳು, ಇನ್ನೇನು ಗೂಡು ಕಟ್ಟಬೇಕಿದ್ದವು, ಒಂದೂ ಉಳಿಯಲಿಲ್ಲ. ನೀವು ಹಾಲಿನ ಡೈರಿ ಮುಂದೆ ಊರವರೆದುರು ನಿಂತು, ಅವಳು ಹುಳು ಮನೆ ಶುದ್ಧವಾಗಿಡಲಿಲ್ಲ, ರೋಗ ಬಂದು ಸತ್ತವು ಎಂದಿರಿ. ಎಂಥ ಅನ್ಯಾಯ!

ಅವಳು ಅದನ್ನು ನಂಬಿಬಿಟ್ಟಿದ್ದಾಳೆ. "ನನ್ ಕೈಯಾಗೇ ಏನೋ ಕೆಟ್ಟದ್ದೈತೆ ಅಕ್ಕಾ" ಎಂದು ಹುಳು ಸಾಕುವ ತಟ್ಟೆಗಳನ್ನು ತೊಳೆದಿದ್ದನ್ನೇ ತೊಳೆಯುತ್ತಾಳೆ. ಕಾಲು ತೊಳೆಯದೆ ಗಂಡನನ್ನೂ ಒಳಗೆ ಬಿಡದಿದ್ದವಳು! ಇನ್ನು ಹುಳು ಮೇಯಿಸುವುದೇ ಇಲ್ಲವಂತೆ. ಸಂಜೆ ಅತ್ತ ಕಿವಿಗೊಟ್ಟರೆ ಏನೂ ಇಲ್ಲ. ಅಷ್ಟೂ ಹುಳುಗಳು ಸೊಪ್ಪು ತಿನ್ನುವ ಆ ಸದ್ದು, ಕೆರೆಯ ಮೇಲೆ ತುಂತುರು ಬಿದ್ದಂತೆ, ನೆನಪಿದೆಯಲ್ಲ? ಹೊಸದಾಗಿ ಮದುವೆಯಾದಾಗ ಅದನ್ನು ಕೇಳುತ್ತಲೇ ನಿದ್ದೆ ಹೋಗುತ್ತಿದ್ದೆವು.

ನನಗೆ ಮರೆಯುವುದು ಬರುವುದಿಲ್ಲ. ಶ್ರೀನಿವಾಸಪುರದಲ್ಲಿ ನಿಮಗೆ ಹೆಸರು ತಂದದ್ದು ಔಷಧಿಯಲ್ಲ, ನೊಣ ಹಿಡಿಯುವ ಡಬ್ಬಿ. ಹಣ್ಣು ಕೆಡಿಸುವ ನೊಣದಲ್ಲಿ ಗಂಡಿಗೆ ಒಂದು ವಾಸನೆಯ ಮೇಲೆ ಮೋಹ ಎಂದು ಯಾರೋ ವಿಜ್ಞಾನಿಗಳು ನೊಣದ ಹಿಂದೆ ಅಲೆದು ಕಂಡುಹಿಡಿದಿದ್ದರು. ಆ ವಾಸನೆಯ ಎಣ್ಣೆಯಲ್ಲಿ ಅದ್ದಿದ ಮರದ ತುಂಡನ್ನು ಡಬ್ಬಿಯಲ್ಲಿಟ್ಟು ನೀವು ಕೊಂಬೆಗೆ ಕಟ್ಟಿದಿರಿ. ಇಳಿಬಿಸಿಲಿನಲ್ಲಿ ಹೊಂಬಣ್ಣದ ನೊಣಗಳು ಕನಸು ಕಾಣುತ್ತಿರುವಂತೆ ತೇಲಿ ಬಂದು ಡಬ್ಬಿಯಲ್ಲಿ ಸಿಕ್ಕಿಬಿದ್ದವು. "ನೋಡೇ, ಇವು ಹೇಳೋದನ್ನ ಕೇಳಿದ್ರೆ ಸಾಕು, ವ್ಯಾಪಾರ ತಾನೇ ನಡೀತೈತೆ" ಎಂದಿರಿ.

ಅವು ಹೇಳುವುದನ್ನು ಕೇಳಲೆಂದೇ, ಕೀಟಶಾಸ್ತ್ರ ಓದಿದ ನಮ್ಮ ಮಗಳು ದಿವ್ಯ ನಿಮ್ಮ ಕಂಪನಿಯಲ್ಲಿ ನೊಣದ ಕೋಣೆ ಮಾಡಿದಳು. ತೋಪಿನ ನೊಣಗಳನ್ನು ಸಾಕಿ ಅವುಗಳ ಮೇಲೆ ನಿಮ್ಮ ಔಷಧಿಯನ್ನು ಪರೀಕ್ಷಿಸಿದಳು. ನೊಣಗಳು ಔಷಧಿಯ ಮೇಲೆ ನಡೆದಾಡಿ, ರೆಕ್ಕೆ ಒರೆಸಿಕೊಂಡು ಹಾರಿದವು. ಇದಕ್ಕೆ ಇವು ಒಗ್ಗಿಹೋಗಿವೆ, ಹೊಡೆಸಬೇಡಿ ಎಂದಳು. "ಹುಳ ಸಾಯ್ಸೋ ಕಂಪನಿಗೆ ಹುಳ ಸಾಕೋ ಶೋಕಿ ಬೇರೆ!" ಎಂದು ನಕ್ಕು ನೀವು ಮಾರ್ಚ್‌ನಲ್ಲಿ ನೊಣಗಳನ್ನು ಎಸೆಯಲು ಹೇಳಿ ಆ ಕೋಣೆಗೆ ಬೀಗ ಹಾಕಿಸಿದಿರಿ. ನಿಮ್ಮ ವ್ಯಾಪಾರಕ್ಕೆ ಇದ್ದ ಕಣ್ಣು ಅದೊಂದೇ. ಮೇ ತಿಂಗಳಲ್ಲಿ ಅದೇ ಔಷಧಿಯನ್ನು ಎರಡು ಪಟ್ಟು ಹೊಡೆಸಿದಿರಿ. ನೊಣ ಬದುಕಿತು, ಮಾವು ಹುಳುಕಾಯಿತು, ರೇಷ್ಮೆ ಹುಳು ಸತ್ತಿತು.

ತಪ್ಪಾಯಿತೆಂದು ನನಗೆ ಬರೆಯಬೇಡಿ. ನನ್ನ ನಿಮ್ಮ ಜಗಳ ಬೇರೆ.

ಸಿಟ್ಟಿನಲ್ಲೂ ನಿಮ್ಮ ಊಟದ ವಿಚಾರ ಮಗಳನ್ನು ಕೇಳುವ,
ಗಂಗರತ್ನ

ಬರೆದು ಮುಗಿಸಿದ ಮೇಲೆ: ಮುಚ್ಚಿಡುವುದೇಕೆ, ನೀವು ಎಸೆಯಲು ಹೇಳಿದ ನೊಣಗಳನ್ನು ಮಗಳು ಗುಟ್ಟಾಗಿ ಉಳಿಸಿಕೊಂಡಳು, ಅವು ಬದುಕಿವೆ. ಆಂಜಿನಮ್ಮನ ಖಾಲಿ ಹುಳು ಮನೆಯಲ್ಲೇ ದಿವ್ಯ ಪರೀಕ್ಷೆ ಮುಂದುವರಿಸಿದ್ದಾಳೆ. "ನೊಣ ಒಳಿಕ್ ಬರ್ದಂಗೆ ಹಾಕ್ಸಿದ್ ಜಾಲರಿ ಅಕ್ಕಾ, ಈಗ ಆಚಿಕ್ ಹೋಗ್ದಂಗೆ ಕಾಯ್ತೈತೆ ನೋಡು" ಎಂದು ಆಂಜಿನಮ್ಮ ನಿನ್ನೆ ನಕ್ಕಳು. ಹುಳು ಸತ್ತ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಬರುವ ಭಾನುವಾರ ಹಾಲು ಹಾಕುವ ಹೊತ್ತಿಗೆ ಅದೇ ಡೈರಿ ಮುಂದೆ ಬಂದು ನಿಲ್ಲಿ. ಅವಳ ಹುಳು ಕೊಂದದ್ದು ಅವಳ ಕೈಯೋ, ನಿಮ್ಮ ಔಷಧಿಯೋ? ಊರಿಗೆಲ್ಲ ಕೇಳುವಂತೆ ಹೇಳಿ.